ಗುಂಡಿ ತೋಡೋ ಪಾಠ

ಜೂನ್ 5, ಬುಧವಾರ

ಮನೆಯಿಂದ ನನ್ನ ಗಡಿಪಾರು ಮಾಡಿದಾರೆ. ಪೂರ್ತಿ ಅಲ್ಲ, ಶನಿವಾರ ಬೆಳಿಗ್ಗೆ ಮಾತ್ರ. ಸಸ್ಯೋದ್ಯಾನದಲ್ಲಿ ಯಾರು ಬೇಕಾದ್ರೂ ಹೋಗಿ ಕಲಿಯೋ ತೋಟಗಾರಿಕೆ ತರಗತಿ ಇದೆಯಂತೆ. ಇವಳು, ನನ್ನ ಹೆಂಡ್ತಿ, ಹೋಗಿ ನನ್ನ ಹೆಸರು ಬರೆಸಿ ಬಂದಿದಾಳೆ. ನನ್ನ ಒಂದು ಮಾತೂ ಕೇಳಿಲ್ಲ.

"ನಂಗೆ ಗಿಡದ ವಿಷಯ ಏನು ಗೊತ್ತು?" ಅಂದೆ.

"ಏನೂ ಗೊತ್ತಿಲ್ಲ, ಅದಕ್ಕೇ ತರಗತಿ. ವಾರಕ್ಕೆ ಒಂದು ಹೊತ್ತಾದ್ರೂ ಮಗಳು ನಿಮ್ಮ ಬಾಯಿಂದ ತಪ್ಪಿಸ್ಕೊಳ್ಲಿ."

"ಬಸ್ಸಲ್ಲಿ ಕಂಡಕ್ಟರಾಗಿ ಇಡೀ ಆಯಸ್ಸು ನಿಂತೇ ಕಳೆದೋನು. ಈಗ ನಿಂತಲ್ಲೇ ಬೇರು ಬಿಡು ಅಂತೀಯ."

ನಗಲಿಲ್ಲ. ಮೊದಲಾಗಿದ್ರೆ ಇಂಥದ್ದಕ್ಕೆ ಮೂತಿಯಾದ್ರೂ ತಿರುವ್ತಿದ್ಲು.

ನಡೆದದ್ದು ಇಷ್ಟು, ಬರೆದು ಇಡ್ತೀನಿ, ಯಾರಿಗೂ ತೋರಿಸೋಕಲ್ಲ. ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದ ಮಗಳಿಗೆ ಇಲ್ಲೇ ನೋವು ಶುರುವಾಯ್ತು. ಏಳು ತಿಂಗಳಿಗೇ ಆಪರೇಷನ್ ಮಾಡಿ ಹೆರಿಗೆ. ಗಂಡು. ಬೆಳಗಾಗೋದ್ರೊಳಗೆ ಹೋಯ್ತು. ಅವಳಿಗೆ ಎಚ್ಚರ ಬರೋ ಹೊತ್ತಿಗೆ ನಾನೂ ಅಳಿಯನೂ ಮಣ್ಣು ಮಾಡಿ ಬಂದಾಗಿತ್ತು. ಅವಳ ಮುಂದೆ ಆ ಮಾತು ಎತ್ತೋದೇ ಬೇಡ ಅಂತ ಮೂರೂ ಜನ ಕೂತು ತೀರ್ಮಾನ ಮಾಡಿದ್ವಿ. ಅಳಿಯ ಕೆಲಸಕ್ಕೆ ವಾಪಸ್ ಹೋದ. ಮಗಳು ನಮ್ಮ ಹತ್ರ ಉಳಿದ್ಲು. ತಿಂಗಳ ಮೇಲಾಯ್ತು.

ಮೊನ್ನೆ ಸೋಮವಾರ ತಾನಾಗೇ ಅಡುಗೆಮನೆಗೆ ಬಂದ್ಲು. ನಾನು ಪೇಪರ್ ಓದ್ತಿದ್ದೆ. ಎದುರಿಗೆ ನಿಂತು ಕೇಳಿದ್ಲು: "ಅಪ್ಪಾ, ಎಲ್ಲಿ ಇಟ್ರಿ?"

ಏನು ಕೇಳ್ತಿದಾಳೆ ಅಂತ ನಂಗೆ ಚೆನ್ನಾಗಿ ಗೊತ್ತಿತ್ತು. "ಕನ್ನಡಕಾನಾ? ತಲೆ ಮೇಲೇ ಇದೆಯಲ್ಲ, ನೋಡು" ಅಂದೆ.

ಯಾಕಂದೆ ಅಂತ ಈಗಲೂ ಗೊತ್ತಿಲ್ಲ. ನನ್ನ ಬಾಯಿ ನಾನು ಬೆಲ್ ಹೊಡೆಯೋಕೆ ಮೊದಲೇ ಹೊರಡೋ ಬಸ್ಸು. ಅವಳು ಸ್ವಲ್ಪ ಹೊತ್ತು ನನ್ನ ತಲೆ ಮೇಲಿದ್ದ ಕನ್ನಡಕ ನೋಡ್ತಾ ನಿಂತಿದ್ಲು. ಆಮೇಲೆ ಕೋಣೆಗೆ ಹೋಗಿ ಚಿಲಕ ಹಾಕ್ಕೊಂಡ್ಲು. ಮಾರನೇ ದಿನ ಸರಿ ಮಾಡೋಣ ಅಂತ ಬಾಗಿಲ ಹೊರಗೆ ನಿಂತು ಚೆಕಿಂಗ್‌ನೋರ ದನಿಯಲ್ಲಿ "ಯಾರ್ರೀ ಒಳಗೆ? ಟಿಕೆಟ್ ತೋರ್ಸಿ" ಅಂದೆ. ಚಿಕ್ಕೋಳಿದ್ದಾಗ ಇದಕ್ಕೆ ಬಿದ್ದು ಬಿದ್ದು ನಗ್ತಿದ್ಲು. ಒಳಗೆ ಸದ್ದೇ ಇಲ್ಲ. ಇವಳು ಬಂದು ನನ್ನ ಅಂಗಿ ಹಿಡಿದು ಎಳ್ಕೊಂಡು ಹೋದ್ಲು. ಗಡಿಪಾರಿಗೆ ಅದೇ ಕಾರಣ.

ಜೂನ್ 8, ಶನಿವಾರ

ಹೋಗಿ ಬಂದೆ. ಗಾಜಿನ ಮನೆ ಹಿಂದೆ ಒಂದು ಶೆಡ್ಡು, ಉದ್ದದ ಮರದ ಮೇಜು, ಮೇಜಿನ ತುಂಬ ಮಣ್ಣು. ಕಲಿಸೋ ಹೆಂಗಸು ಕುಳ್ಳಿ, ದಪ್ಪ ಬೂಟು. ಬಂದೋಳೇ ಒಂದು ಹಿಡಿ ಮಣ್ಣು ಎತ್ತಿ ಮೂಗಿಗೆ ಹಿಡಿದು, ಊಟಕ್ಕೆ ಮೊದಲು ಸಾರು ಮೂಸೋರ ಹಾಗೆ ಕಣ್ಣು ಮುಚ್ಚಿದ್ಲು. ಅಲ್ಲೇ ಹೆಸರಿಟ್ಟೆ: ಮಣ್ಣಮ್ಮ.

ನನ್ನ ಪಕ್ಕ ಕೂತಿದ್ದೋನು ಅಗಲ ಅಂಚಿನ ಟೋಪಿಯವನು. ಬ್ಯಾಂಕಲ್ಲಿ ಕ್ಯಾಷಿಯರ್ ಆಗಿದ್ದನಂತೆ. "ನೀವು ಟೋಪಿ ಹಾಕ್ಕೊಳ್ಳೋರು, ನಾನು ಟೋಪಿ ಹಾಕೋನು. ಒಳ್ಳೆ ಜೋಡಿ" ಅಂದೆ. ಪಾಪ, ಹೊಟ್ಟೆ ಹಿಡ್ಕೊಂಡು ನಕ್ಕ. ಇಂಥಾ ಒಬ್ಬ ಸಿಕ್ಕಿ ಎಷ್ಟು ದಿನ ಆಗಿತ್ತು.

ಮಣ್ಣಮ್ಮ ಇವತ್ತು ಮಣ್ಣಿನ ಪಾಠ ಮಾಡಿದ್ಲು. ಒದ್ದೆ ಮಣ್ಣು ಮುಷ್ಟೀಲಿ ಹಿಡಿದು ಬಿಟ್ರೆ ಉಂಡೆ ಹಾಗೇ ನಿಂತ್ರೆ ಜೇಡಿ ಜಾಸ್ತಿ, ತಕ್ಷಣ ಉದುರಿದ್ರೆ ಮರಳು ಜಾಸ್ತಿ, ಬೆರಳಲ್ಲಿ ತಟ್ಟಿದಾಗ ಒಡೆದ್ರೆ ಸರಿಯಾಗಿದೆ. ಎಲ್ಲಾರೂ ಹಿಡಿದು ನೋಡಿದ್ರು. ನಾನು ಕೈ ಕಟ್ಕೊಂಡು ನಿಂತಿದ್ದೆ.

"ಯಾಕೆ ಸಾಹೇಬ್ರೆ, ಮಣ್ಣು ಮುಟ್ಟಲ್ವಾ?"

"ಕಂಡಕ್ಟರ್ ಕೈ ಮೇಡಂ, ಚಿಲ್ಲರೆ ಬಿಟ್ಟು ಬೇರೇನೂ ಹಿಡಿದಿಲ್ಲ."

ಟೋಪಿ ನಕ್ಕ, ಮಣ್ಣಮ್ಮ ನಗಲಿಲ್ಲ. ಆದ್ರೆ ಬಲವಂತಾನೂ ಮಾಡಲಿಲ್ಲ.

ಜೂನ್ 15, ಶನಿವಾರ

ಕಳೆ ಕೀಳೋ ಪಾಠ. ಗುಲಾಬಿ ಮಡಿಯಲ್ಲಿ ಮಂಡಿಯೂರಿ ಕೂತು ಎಲ್ಲಾರೂ ಕಳೆ ಕಿತ್ವಿ. "ತಲೆ ಕಿತ್ರೆ ಸಾಲದು, ಬುಡದಿಂದ ಬರ್ಬೇಕು. ಅರ್ಧ ಒಳಗೇ ಉಳಿದ್ರೆ ಇನ್ನೂ ಜೋರಾಗಿ ಬರುತ್ತೆ" ಅಂದ್ಲು ಮಣ್ಣಮ್ಮ.

"ಮೇಡಂ, ಇಲ್ಲಿ ನೋಡಿದ್ರೆ ಬೇಡದಷ್ಟು ಕಳೆ. ನಮ್ಮ ಮನೇಲಿ ಯಾರ ಮುಖದಲ್ಲೂ ಒಂದು ಚೂರು ಕಳೆ ಇಲ್ಲ. ಒಂದು ಚೀಲ ತಗೊಂಡು ಹೋಗ್ಲಾ?"

ತರಗತಿಯೆಲ್ಲ ಘೊಳ್ ಅಂತು. ಮಣ್ಣಮ್ಮನ ಮೀಸೆ ಜಾಗ ಸ್ವಲ್ಪ ಅಲ್ಲಾಡ್ತು. ಆಮೇಲೆ ಮೆಲ್ಲಗೆ, "ಮನೇಲಿ ಯಾರಿಗೆ ಹುಷಾರಿಲ್ಲ?" ಅಂತ ಕೇಳಿದ್ಲು.

"ಎಲ್ಲಾ ಹುಷಾರಾಗಿದಾರೆ. ನಾನು ಸ್ವಲ್ಪ ಜಾಸ್ತಿ ಹುಷಾರು" ಅಂದೆ.

ಮನೆಗೆ ಬಂದು ಬಾಗಿಲ ಹತ್ರ ನಿಂತು ಕಳೆಯ ಜೋಕು ಮಗಳಿಗೂ ಹೇಳಿದೆ. ಬಸ್ಸಲ್ಲೇ ತಿದ್ದಿ ತೀಡಿ ಇನ್ನೂ ಚೆನ್ನಾಗಿ ಮಾಡ್ಕೊಂಡು ಬಂದಿದ್ದೆ. ಒಳಗೆ ಮಂಚ ಕಿರ್ ಅಂತು. ಗೋಡೆ ಕಡೆ ತಿರುಗಿದ್ಲು ಅನ್ಸುತ್ತೆ. ಮಧ್ಯಾಹ್ನದ ತಟ್ಟೆ ಅರ್ಧಕ್ಕೇ ಹೊರಗೆ ಬಂದಿತ್ತು.

ಜೂನ್ 18, ಮಂಗಳವಾರ

ಅಳಿಯನ ಫೋನು.

"ಮಾವ, ಅವಳು ಏನಾದ್ರೂ ಕೇಳಿದ್ಲಾ?"

"ಇಲ್ಲಪ್ಪ."

"ಕೇಳಿದ್ರೂ ಹೇಳ್ಬೇಡಿ ಮಾವ. ನೆನೆಸ್ಕೊಂಡ್ರೆ ನಂಗೇ ಕೈಕಾಲು ಆಡಲ್ಲ. ಅವಳು ಹೇಗೆ ತಡ್ಕೊಳ್ತಾಳೆ?"

"ಸರಿಯಪ್ಪ" ಅಂದೆ. ಇವಳು ಪಕ್ಕದಲ್ಲೇ ನಿಂತು ತಲೆ ಆಡಿಸ್ತಿದ್ಲು. ಒಳ್ಳೆ ಹುಡುಗ. ನಾವೆಲ್ಲಾರೂ ಒಳ್ಳೆಯೋರೇ, ಅದೇ ಕಷ್ಟ.

ಜೂನ್ 22, ಶನಿವಾರ

ಇವತ್ತು ತರಗತಿ ಅರ್ಧಕ್ಕೆ ಬಿಟ್ಟು ಬಂದೆ. ಸೊಂಟ ನೋವು.

ಗಿಡ ನೆಡೋ ಪಾಠ. ಉದ್ಯಾನದ ಹಿಂಭಾಗದಲ್ಲಿ ಖಾಲಿ ಜಾಗ ಕೊಟ್ಟಿದಾರೆ, ಒಬ್ಬೊಬ್ಬರಿಗೆ ಒಂದೊಂದು ಸಸಿ. ನೆಟ್ಟೋರೇ ಅದನ್ನ ನೋಡ್ಕೋಬೇಕು. ಮೊದಲು ಗುಂಡಿ ತೋಡ್ಬೇಕು. "ಅಂಗಿ ಗುಂಡಿ ಹೋದ್ರೇ ಹಾಕೋರಿಲ್ಲ, ಇಲ್ಲಿ ನೆಲಕ್ಕೆ ಗುಂಡಿ ಹಾಕಿ ಅಂತಾರೆ" ಅಂತ ಟೋಪಿಗೆ ಹೇಳಿದೆ. ಚೆನ್ನಾಗೇ ಇತ್ತು. ಅಲ್ಲೀವರೆಗೆ ಎಲ್ಲಾ ಸರಿಯಾಗಿತ್ತು.

ಗುದ್ದಲಿ ಕೈಗೆ ಬಂತು. ಎರಡು ಸಲ ಹಾಕಿದೆ. ಸೊಂಟ ಹಿಡೀತು, ಟೋಪಿ ಕೈಗೆ ಕೊಟ್ಟೆ. ಅವನು ತನ್ನದರ ಜೊತೆ ನನ್ನದೂ ತೋಡಿದ. ಆಮೇಲೆ ಮಣ್ಣಮ್ಮ ಒಂದು ಸಸಿಯ ಪ್ಲಾಸ್ಟಿಕ್ ಕವರ್ ಬ್ಲೇಡಲ್ಲಿ ಸೀಳಿ, ಬೇರಿನ ಮುದ್ದೆ ಎರಡೂ ಕೈಲಿ ಎತ್ಕೊಂಡು ಎಲ್ಲಾರಿಗೂ ತೋರಿಸಿದ್ಲು.

"ಕಾಂಡ ಹಿಡಿದು ಎತ್ಬೇಡಿ. ಅಂಗೈ ಅಡಿಗೆ ಕೊಡಿ. ಹಸುಗೂಸಿನ ತಲೆಗೆ ಕೈ ಕೊಡ್ತೀರಲ್ಲ, ಹಾಗೆ. ಮೆಲ್ಲಗೆ ಒಳಗೆ ಇಳಿಸಿ ಮಲಗಿಸಿದ ಹಾಗೆ ಇಡಿ. ಬುಡದ ಕತ್ತು ಮಣ್ಣಲ್ಲಿ ಮುಚ್ಚಬಾರದು."

ನನ್ನ ಸಸಿ ನನ್ನ ಕೈಲಿತ್ತು. ಮೇಜಿನ ಮೇಲೆ ಇಟ್ಟು ನೀರು ಕುಡಿದು ಬರ್ತೀನಿ ಅಂತ ಹೋದೆ. ನಲ್ಲಿ ಹತ್ರ ಹೋದೋನು ಹಾಗೇ ಗೇಟ್ ದಾಟಿ ಬಸ್ಸು ಹತ್ತಿದೆ. ಸೊಂಟಕ್ಕೆ ಇವಳು ಎಣ್ಣೆ ಹಚ್ಚಿದ್ಲು. "ಎಲ್ಲಿ ನೋವು?" ಅಂತ ಕೇಳಿದ್ರೆ ಜಾಗ ತೋರಿಸೋಕೆ ಬರಲಿಲ್ಲ.

ಜೂನ್ 26, ಬುಧವಾರ

ಮಗಳು ರೊಟ್ಟಿ ಒಂದೇ ತಿಂದಿದಾಳೆ. ಕೋಣೆಯಿಂದ ಬಚ್ಚಲಿಗೆ ಬಿಟ್ರೆ ಬೇರೆಲ್ಲಿಗೂ ಬರಲ್ಲ. ನಂಗೊಂದು ಉಪಾಯ ಹೊಳೆದಿದೆ. ಇವಳಿಗೆ ಹೇಳಲ್ಲ. ಇಷ್ಟು ದಿನದಲ್ಲಿ ಇದೇ ಮೊದಲ ಸಲ ಮನಸ್ಸು ಹಗುರ ಆಗಿದೆ.

ಜೂನ್ 29, ಶನಿವಾರ

ಬರೀಬಾರದು ಅನ್ಸುತ್ತೆ. ಬರೀತೀನಿ.

ಟೋಪಿ ಹತ್ರ ನನ್ನ ಮನೆಗೆ ಫೋನ್ ಮಾಡಿಸಿದೆ. "ನಿಮ್ಮ ತಂದೆಯವರು ಉದ್ಯಾನದಲ್ಲಿ, ಲಿಲ್ಲಿ ಕೊಳದ ಹತ್ರ ಕಾಲು ಜಾರಿ ಬಿದ್ದಿದಾರೆ. ಎದ್ದೇಳೋಕೆ ಆಗ್ತಿಲ್ಲ. ಮಗಳು ಬರ್ಲಿ ಅಂತಿದಾರೆ." ಅಷ್ಟೇ ಹೇಳಿ ಅಂದಿದ್ದೆ. ಇವಳು ಮಾರ್ಕೆಟ್ಟಿಗೆ ಹೋಗೋ ಹೊತ್ತು ನೋಡ್ಕೊಂಡೇ ಮಾಡಿಸಿದ್ದು. ಮನೆಯಿಂದ ಹೊರಗೆ ಬಂದ್ರೆ ಸಾಕು, ಬಿಸಿಲು ನೋಡಿದ್ರೆ ಸಾಕು, ಹೂವಿನ ಮಡಿ ನೋಡ್ತಾ ನಾಲ್ಕು ಹೆಜ್ಜೆ ನಡೆದ್ರೆ ಸಾಕು ಅನ್ನೋದು ಲೆಕ್ಕ. ಟೋಪಿಗೆ ಪೂರ್ತಿ ವಿಷಯ ಹೇಳಿರಲಿಲ್ಲ. ಯಾವುದೋ ಹುಟ್ಟುಹಬ್ಬದ ತಮಾಷೆ ಅಂದ್ಕೊಂಡಿದ್ದ.

ಲಿಲ್ಲಿ ಕೊಳದ ಹತ್ರ ಬೆಂಚಿನ ಮೇಲೆ ಕಡಲೆಕಾಯಿ ಇಟ್ಕೊಂಡು ಕಾದಿದ್ದೆ. ಅವಳಿಗೂ ಒಂದು ಪೊಟ್ಟಣ ತಗೊಂಡಿದ್ದೆ.

ಬಂದ್ಲು. ಗೇಟಲ್ಲಿ ಆಟೋ ಇಳಿದು ಓಡ್ತಾ ಬಂದ್ಲು. ಮನೇಲಿ ಹಾಕ್ಕೊಳ್ಳೋ ಬಟ್ಟೆ, ಬಿಚ್ಚಿದ ಕೂದಲು. ಕಾಲಲ್ಲಿ ಚಪ್ಪಲಿ ಇಲ್ಲ. ಹೊಟ್ಟೆ ಮೇಲೆ ಒಂದು ಕೈ ಒತ್ತಿ ಹಿಡಿದಿದ್ಲು, ಹೊಲಿಗೆ ಹಾಕಿದ ಜಾಗ. ಓಡಬಾರದು ಅಂದಿದ್ರು ಡಾಕ್ಟ್ರು. ಅದು ನಂಗೆ ಹೊಳೆದೇ ಇರಲಿಲ್ಲ.

ನಾನು ಎದ್ದು ನಿಂತು ಎರಡೂ ಕೈ ಅಗಲಿಸಿ "ಸವಾರಿ ಬಂತು" ಅಂದೆ.

ನನ್ನ ಕಾಲು ನೋಡಿದ್ಲು. ಕಡಲೆಕಾಯಿ ನೋಡಿದ್ಲು. ಅವಳ ಉಸಿರು ಒಂದು ಹದಕ್ಕೆ ಬಂತು. ಆಮೇಲೆ ತುಂಬ ಮೆಲ್ಲಗೆ ಅಂದ್ಲು: "ಇಲ್ಲದೇ ಇರೋದನ್ನ ಫೋನ್ ಮಾಡಿಸಿ ಹೇಳ್ತೀಯ. ಇದ್ದದ್ದನ್ನ ಎದುರಿಗೆ ನಿಂತು ಕೇಳಿದ್ರೂ ಹೇಳಲ್ಲ."

ವಾಪಸ್ ನಡೆದ್ಲು. ಚಪ್ಪಲಿ ತಗೋ ಅಂತ ನನ್ನದು ಬಿಚ್ಚಿ ಹಿಂದೆ ಓಡಿದೆ, ತಗೊಳ್ಳಲಿಲ್ಲ. ಜಲ್ಲಿ ಹಾಕಿದ ದಾರಿ ಅದು.

ಟೋಪಿ ದೂರ ನಿಂತು ಎಲ್ಲಾ ನೋಡಿದ. ಟೋಪಿ ತೆಗೆದು ಕೈಲಿ ಹಿಡ್ಕೊಂಡಿದ್ದ. "ಏನ್ರೀ ಮಾಡಿಸಿದ್ರಿ ನನ್ನ ಕೈಲಿ?" ಅಂದ. ನಾನು ಏನೂ ಮುಚ್ಚಿಡದೆ ಹೇಳಿದೆ. ಅವನು ತನ್ನ ಸಸಿಗೆ ನೀರು ಹಾಕೋಕೆ ಹೋದ.

ಜುಲೈ 1, ಸೋಮವಾರ

ಇವಳು ನನ್ನ ಹತ್ರ ಮಾತು ಬಿಟ್ಟಿದಾಳೆ. ಊಟ ಬಡಿಸ್ತಾಳೆ, ಬೇಕಾ ಬೇಡ್ವಾ ಕೇಳಲ್ಲ. ಇವಳು ಫೋನಲ್ಲಿ ಅಳಿಯನಿಗೆ ಹೇಳೋದು ಕೇಳಿಸ್ತು: ಮಗಳು ಮುಂದಿನ ವಾರ ಗೆಳತಿ ಮನೆಗೆ ಹೋಗಿಬಿಡ್ತಾಳಂತೆ. ಗಂಡನ ಹತ್ರಾನೂ ಇಲ್ಲ, ನಮ್ಮ ಹತ್ರಾನೂ ಇಲ್ಲ. ಎಷ್ಟು ದಿನಕ್ಕೆ ಅಂದ್ರೆ "ನೋಡೋಣ" ಅಂದ್ಲಂತೆ. ಹೀಗೆ ಹೋದ್ರೆ ತಿರುಗಿ ಬರೋ ಪೈಕಿ ಅಲ್ಲ ಅವಳು. ನನ್ನ ಮಗಳು, ನಂಗೆ ಗೊತ್ತಿಲ್ವಾ.

ಜುಲೈ 2, ಮಂಗಳವಾರ

ಬರೆಯೋಕೆ ಏನೂ ಇಲ್ಲ.

ಜುಲೈ 6, ಶನಿವಾರ

ಹೋಗೋದೋ ಬೇಡ್ವೋ ಅಂತ ಸ್ಟಾಪಲ್ಲಿ ನಿಂತು ಎರಡು ಬಸ್ಸು ಬಿಟ್ಟೆ. ಮನೇಲಿ ಇರೋಕಾಗಲ್ಲ ಅಂತ ಮೂರನೇದು ಹತ್ತಿದೆ.

ಎಲ್ಲಾರ ಸಸಿಗಳೂ ಸಾಲಾಗಿ ನಿಂತಿದ್ವು, ಒಂದೊಂದಕ್ಕೂ ಊರುಗೋಲು. ಕೊನೇಲಿ ಟೋಪಿ ನಂಗೆ ಅಂತ ತೋಡಿದ್ದ ಗುಂಡಿ, ಮಳೆಗೆ ಅರ್ಧ ಮುಚ್ಚಿ ಹೋಗಿತ್ತು. ನನ್ನ ಸಸಿ ಶೆಡ್ಡಿನ ನೆರಳಲ್ಲಿ ಇನ್ನೂ ಕವರಲ್ಲೇ ಇತ್ತು. ಯಾರೋ ನೀರು ಹಾಕ್ತಿದ್ರು, ಒಣಗಿರಲಿಲ್ಲ.

"ನಿಮ್ಮದು ನೀವೇ ನೆಡ್ಬೇಕು ಸಾಹೇಬ್ರೆ. ಇನ್ನೊಂದು ವಾರ ಕವರಲ್ಲಿದ್ರೆ ಬೇರು ಸುತ್ಕೊಂಡು ತನ್ನನ್ನೇ ಬಿಗಿಯುತ್ತೆ" ಅಂದ್ಲು ಮಣ್ಣಮ್ಮ. ಗುದ್ದಲಿ ಕೊಟ್ಟು ಆ ಕಡೆ ಹೋದ್ಲು.

ತೋಡಿದೆ. ಮಣ್ಣು ಮೇಲೆ ಒದ್ದೆ, ಒಳಗೆ ತಣ್ಣಗಿತ್ತು. ಟೋಪಿ ಬಂದು "ಕೊಡಿ, ನಾನು ಹಾಕ್ತೀನಿ" ಅಂದ. ಬೇಡ ಅಂದೆ. ಮೊಳಕೈ ಉದ್ದ ಆಳ ಆಗ್ಬೇಕು. ಅಂಚು ನೇರ ಮಾಡಿದೆ, ತಳದಲ್ಲಿ ಕಲ್ಲು ಇರಬಾರದು ಅಂತ ಬೆರಳಾಡಿಸಿ ಎರಡು ಚೂರು ತೆಗೆದೆ. ಅವತ್ತೂ ಹೀಗೇ ಬೆರಳಾಡಿಸಿದ್ದೆ. ಅದು ಇದಕ್ಕಿಂತ ಚಿಕ್ಕದು.

ಕವರ್ ಸೀಳಿ, ಅಂಗೈ ಅಡಿಗೆ ಕೊಟ್ಟು, ಇಳಿಸಿದೆ. ಸುತ್ತ ಮಣ್ಣು ಎಳೆದು ಕೈಯಲ್ಲೇ ಒತ್ತಿದೆ. ಬೆವರು ಕಣ್ಣಿಗೆ ಇಳಿದು ಏನೂ ಕಾಣ್ತಿರಲಿಲ್ಲ. ಮಣ್ಣಮ್ಮ ಯಾವಾಗ ಬಂದು ಪಕ್ಕದಲ್ಲಿ ಕೂತಿದ್ಲೋ ಗೊತ್ತಿಲ್ಲ. ಕತ್ತಿನ ತನಕ ಬಂದಿದ್ದ ಮಣ್ಣು ಒಂದು ಬೆರಳಷ್ಟು ಕೆಳಗೆ ಸರಿಸಿದ್ಲು.

"ಏನಾದ್ರೂ ಹೇಳ್ಬೇಕಿತ್ತಾ?" ಅಂದ್ಲು.

"ನಿಮಗಲ್ಲ" ಅಂದೆ.

"ಸರಿ" ಅಂತ ನೀರಿನ ಕ್ಯಾನ್ ಮುಂದಿಟ್ಟು ಎದ್ದು ಹೋದ್ಲು.

ಒಂದು ಜೋಕೂ ಹೇಳ್ದೆ ತರಗತಿ ಮುಗೀತು. ಟೋಪಿ "ಹುಷಾರಿದೀರಾ?" ಅಂತ ಎರಡು ಸಲ ಕೇಳಿದ.

ಜುಲೈ 7, ಭಾನುವಾರ

ಮಧ್ಯಾಹ್ನ ಮಗಳ ಕೋಣೆ ಬಾಗಿಲು ತೆರೆದಿತ್ತು. ಚೀಲಕ್ಕೆ ಬಟ್ಟೆ ಮಡಿಸಿ ಹಾಕ್ತಿದ್ಲು. ನಾನು ಒಳಗೆ ಹೋಗಿ ಸ್ಟೂಲ್ ಮೇಲೆ ಕೂತೆ. ತಲೆ ಎತ್ತಲಿಲ್ಲ.

"ಎಲ್ಲಿ ಇಟ್ವಿ ಅಂತ ಹೇಳ್ತೀನಿ" ಅಂದೆ.

ಕೈಲಿದ್ದ ಅಂಗಿ ಅರ್ಧ ಮಡಿಸಿ ಹಾಗೇ ಹಿಡ್ಕೊಂಡ್ಲು.

ಹೇಳಿದೆ. ದೊಡ್ಡ ಸ್ಮಶಾನದಲ್ಲಿ ಮಕ್ಕಳದ್ದೇ ಒಂದು ಮೂಲೆ ಇದೆ, ಕಾಂಪೌಂಡ್ ಗೋಡೆ ಪಕ್ಕ, ಗೋಡೆಗೆ ಬಿಳಿ ಸುಣ್ಣ. ಆಸ್ಪತ್ರೆಯಿಂದ ಟ್ಯಾಕ್ಸೀಲಿ ಹೋದ್ವಿ. ಹಸಿರು ಬಟ್ಟೇಲಿ ಸುತ್ತಿ ಕೊಟ್ಟಿದ್ರು. ನಿನ್ನ ಗಂಡ ಮುಂದೆ ಕೂತಿದ್ದ, ಅವನಿಗೆ ತಿರುಗಿ ನೋಡೋಕಾಗಲಿಲ್ಲ. ನನ್ನ ಮಡಿಲಲ್ಲಿತ್ತು. ಡ್ರೈವರ್ ಕನ್ನಡೀಲಿ ನೋಡಿ "ಒಳ್ಳೆ ನಿದ್ದೆ ಮಾಡ್ತಿದೆ ಮಗು" ಅಂದ. ನಾನು "ಹೌದು" ಅಂದೆ. ಅವನು ಪಾಪ ಹಾರ್ನ್ ಹಾಕ್ದೆ ಓಡಿಸಿದ.

"ಗುಂಡಿ ಯಾರು ತೆಗೆದ್ರು?"

"ಅಲ್ಲಿಯೋನು ಅರ್ಧ ತೆಗೆದ. ಮಿಕ್ಕಿದ್ದು ನಾನು."

"ಮುಖ ನೋಡಿದ್ಯಾ?"

"ನೋಡಿದೆ. ಗದ್ದ ನಿನ್ನದೇ. ಹುಬ್ಬು ಇನ್ನೂ ಬಂದಿರಲಿಲ್ಲ. ಒಂದು ಕಿವಿ ಮಡಿಸ್ಕೊಂಡಿತ್ತು, ಬಟ್ಟೆ ಮುಚ್ಚೋ ಮೊದಲು ಬಿಡಿಸಿದೆ."

ಅವಳು ಅಂಗೀಲಿ ಮುಖ ಮುಚ್ಕೊಂಡ್ಲು. ಅಳೋ ಸದ್ದು ಮನೆಯೆಲ್ಲ ಕೇಳ್ತು. ಇವಳು ಬಾಗಿಲಿಗೆ ಬಂದು ನನ್ನ ನೋಡಿ, "ಬೇಡ ಅಂತ ಮಾತಾಗಿತ್ತಲ್ಲ, ಯಾಕ್ರೀ ಕೆದಕ್ತೀರಿ?" ಅಂದ್ಲು.

"ಅವಳು ಕೇಳಿದ್ಲು ಕಣೇ" ಅಂದೆ.

ಇವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಲು. ತುಂಬ ಹೊತ್ತು ನಿಲ್ಲಿಸಲಿಲ್ಲ. ನಾನು ಸ್ಟೂಲ್ ಮೇಲೆ ಕೂತೇ ಇದ್ದೆ. ಸಮಾಧಾನಕ್ಕೆ ಅಂತ ಏನಾದ್ರೂ ಹೇಳ್ಬೇಕಿತ್ತು, ಒಂದೂ ಹೊಳೀಲಿಲ್ಲ. ಇಂಥಾ ಹೊತ್ತಲ್ಲಿ ನಂಗೆ ಮಾತಿಗೆ ಬರ ಬಂದದ್ದು ಇದೇ ಮೊದಲು. ವಯಸ್ಸಾಯ್ತು ಅನ್ಸುತ್ತೆ.

ಜುಲೈ 9, ಮಂಗಳವಾರ

ಬೆಳಿಗ್ಗೆ ಮಗಳು ತಲೆ ಬಾಚ್ಕೊಂಡು ನನ್ನ ಎದುರು ಬಂದು ನಿಂತ್ಲು. "ನಡಿ" ಅಂದ್ಲು. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಬಸ್ಸಲ್ಲಿ ಸೀಟಿರಲಿಲ್ಲ. ನಿಂತೇ ಹೋದ್ವಿ. ಬ್ರೇಕ್ ಬಿದ್ದಾಗ ನನ್ನ ತೋಳು ಹಿಡ್ಕೊಂಡ್ಲು, ಆಮೇಲೂ ಬಿಡಲಿಲ್ಲ.

ಜಾಗ ಹುಡುಕೋದು ಕಷ್ಟ ಆಗಲಿಲ್ಲ, ನಂಗೆ ಕಣ್ಣು ಕಟ್ಟಿದ್ರೂ ಗೊತ್ತಾಗುತ್ತೆ. ಹುಲ್ಲು ಬಂದಿದೆ. ಪಕ್ಕದಲ್ಲಿ ಹೊಸದಾಗಿ ಇನ್ನೊಂದಾಗಿದೆ, ಅದರ ಮೇಲೆ ಯಾರೋ ಆಟದ ಕಾರು ಇಟ್ಟಿದಾರೆ. ಮಗಳು ಸ್ವಲ್ಪ ಹೊತ್ತು ನಿಂತ್ಕೊಂಡು ನೋಡಿದ್ಲು.

"ತಲೆ ಯಾವ ಕಡೆ?"

ಗೋಡೆ ಕಡೆ ಅಂತ ಕೈ ತೋರಿಸಿದೆ. ಹೋಗಿ ಆ ಕಡೆ ಕೂತ್ಲು. ಹುಲ್ಲಿನ ಮೇಲೆ ಕೈ ಇಟ್ಟು ಏನೇನೋ ಹೇಳಿದ್ಲು. ನಾನು ದೂರ ಹೋಗಿ ನಿಂತೆ. ಬಿಸಿಲು ಏರೋವರೆಗೂ ಅಲ್ಲೇ ಇದ್ವಿ. ಬರೋವಾಗ ಗೇಟಲ್ಲಿ, "ಗೆಳತಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬೇಕು. ಅವರಿಗೂ ಮಾಡ್ತೀನಿ, ಪಾಪ, ಒಬ್ಬರೇ ಇದಾರೆ" ಅಂದ್ಲು. ಅವರು ಅಂದ್ರೆ ಅಳಿಯ.

ಮನೆಗೆ ಬಂದ್ರೆ ಇವಳು ಹೊರಗೆ ಹೋಗೋ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ಲು. ಕೈಲಿ ಕೊಡೆ.

"ಎಲ್ಲಿಗೆ?" ಅಂದೆ.

"ನಂಗೂ ತೋರಿಸಿ" ಅಂದ್ಲು.

ಅವತ್ತು ಇವಳು ಆಸ್ಪತ್ರೇಲಿ ಮಗಳ ಹಾಸಿಗೆ ಪಕ್ಕ ಕೂತಿದ್ದೋಳು. ಇವಳೂ ನೋಡಿಲ್ಲ ಅನ್ನೋದು ಇಷ್ಟು ದಿನ ನಂಗೆ ಹೊಳೆದೇ ಇರಲಿಲ್ಲ. ಒಂದೇ ಹಾಸಿಗೇಲಿ ಮಲಗಿದೀವಿ, ಒಂದೇ ಪಾತ್ರೇಲಿ ಉಂಡಿದೀವಿ, ಇವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಿಚ್ಚಿದ ಚಪ್ಪಲಿ ಮತ್ತೆ ಹಾಕ್ಕೊಳ್ಳೋಕೆ ಬಗ್ಗಿದೆ.

ಮಗಳು ನನ್ನ ಭುಜ ಹಿಡಿದು ಕೂರಿಸಿದ್ಲು. "ನೀನಿರು ಅಪ್ಪಾ, ಬಿಸಿಲಲ್ಲಿ ನಿಂತು ಸುಸ್ತಾಗಿದೀಯ. ನಡಿಯಮ್ಮ, ನಾನು ಕರ್ಕೊಂಡು ಹೋಗ್ತೀನಿ. ನಂಗೆ ದಾರಿ ಗೊತ್ತು."

ಇಬ್ಬರೂ ಒಂದೇ ಕೊಡೆ ಹಿಡ್ಕೊಂಡು ಹೋದ್ರು. ತಿರುವಿನಲ್ಲಿ ಇವಳು ಮಗಳ ಕಡೆ ಬಾಗಿ ಏನೋ ಕೇಳ್ತಿದ್ಲು, ಮಗಳು ಕೈಯಲ್ಲಿ ಇಷ್ಟುದ್ದ ಅಂತ ತೋರಿಸ್ತಿದ್ಲು.

ಹಾಲು ಸಣ್ಣ ಉರೀಲಿ ಇಟ್ಟಿದೀನಿ, ನೋಡ್ಕೊಳ್ಳಿ ಅಂತ ಇವಳು ಹೋಗ್ತಾ ಹೇಳಿದ್ಲು. ಉಕ್ಕೋ ಸದ್ದು ಬರ್ತಿದೆ. ಏಳ್ತೀನಿ.